ಸಹಿ ಕಲಿಸಿದವಳಿಗೆ ಹೆಬ್ಬೆಟ್ಟು ಕೇಳುವ ಸರ್ಕಾರಕ್ಕೆ

ಇವರಿಗೆ,
ಮಾನ್ಯ ಅಪರ ಮುಖ್ಯ ಕಾರ್ಯದರ್ಶಿಗಳು,
ಆರ್ಥಿಕ ಇಲಾಖೆ, ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ವಿಷಯ: ವಯಸ್ಸಾದ ಪಿಂಚಣಿದಾರರ ಜೀವಂತ ಪ್ರಮಾಣಪತ್ರ ಮತ್ತು ಯಂತ್ರಕ್ಕೆ ಹೊಂದದ ಬೆರಳಚ್ಚಿನ ಕುರಿತು.

ಮಾನ್ಯರೇ,

ನಾನು ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ಹಳ್ಳಿಯೊಂದರ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿಯ ಮಗಳು. ಅವ್ವನಿಗೆ ದಾಖಲೆಯ ಪ್ರಕಾರ 84 ವರ್ಷ. ಕಳೆದ ನವೆಂಬರಿನಲ್ಲಿ, ಬದುಕಿದ್ದೇನೆಂದು ವರ್ಷಕ್ಕೊಮ್ಮೆ ಕೊಡಬೇಕಾದ ಜೀವಂತ ಪ್ರಮಾಣಪತ್ರಕ್ಕಾಗಿ ಬ್ಯಾಂಕಿಗೆ ಹೋದಾಗ, ಆಕೆಯ ಬೆರಳಚ್ಚು ಯಂತ್ರಕ್ಕೆ ಹೊಂದಲಿಲ್ಲ. ಹೊಂದಲಿಲ್ಲವಾದ್ದರಿಂದ ಆಕೆ ಬದುಕಿದ್ದಾಳೆ ಎಂಬುದು ಸಾಬೀತಾಗಲಿಲ್ಲ. ಸಾಬೀತಾಗಲಿಲ್ಲವಾದ್ದರಿಂದ ಪಿಂಚಣಿ ನಿಂತಿತು. ಯುಗಾದಿ ಹೊತ್ತಿಗೆ ಬಾಕಿ ಸಮೇತ ಖಾತೆಗೆ ಜಮೆ ಆಯಿತು. ಹಾಗಾಗಿ ನಮ್ಮ ಕೆಲಸವೇನೂ ಈಗ ನಿಮ್ಮಲ್ಲಿ ಬಾಕಿ ಇಲ್ಲ. ಆದರೂ ಬರೆಯುತ್ತಿರುವುದೇಕೆಂದರೆ, ಬರುವ ನವೆಂಬರಿಗೂ ಅದೇ ಯಂತ್ರ, ಅದೇ ಬೆರಳು. ಮೇಲಾಗಿ ಆ ದಿನ ಬ್ಯಾಂಕಿನಲ್ಲಿ ಅವ್ವನ ಹಿಂದೆ ಸಾಲು ಹಚ್ಚಿ ಕುಳಿತವರಲ್ಲಿ ಪತ್ರ ಬರೆಯಲು ಮಕ್ಕಳಿಲ್ಲದವರೂ ಇದ್ದರು.

ಬ್ಯಾಂಕಿನ ಹೆಸರು ಹೇಳುವುದಿಲ್ಲ. ಅಲ್ಲಿ ನಮ್ಮನ್ನು ಯಾರೂ ಬೈಯಲಿಲ್ಲ, ದೂಡಲಿಲ್ಲ. ಕುರ್ಚಿ ಕೊಟ್ಟರು, ನೀರೂ ಕೊಟ್ಟರು. ಗಾಜಿನ ಮೇಲೆ ಬೆರಳಿಟ್ಟರೆ ಮಾತ್ರ ಕೆಂಪು ದೀಪ. ಬಲಗೈ ಆಯಿತು, ಎಡಗೈ ಆಯಿತು. ಒರೆಸಿ ಇಟ್ಟರು, ತಲೆಗೂದಲಿಗೆ ತಿಕ್ಕಿ ಜಿಡ್ಡು ಹಚ್ಚಿ ಇಟ್ಟರು. ಯಂತ್ರದ ಹಿಂದಿದ್ದ ಹುಡುಗನಿಗೆ ಕನ್ನಡ ಬಾರದು. ಅವನು ಹಿಂದಿಯಲ್ಲಿ ಏನೋ ಅಂದಾಗ ಅವ್ವ ತನ್ನ ಎಳವೆಯಲ್ಲಿ ಕಿವಿಗೆ ಬಿದ್ದ ಉರ್ದುವಿನಲ್ಲೇ, "ಜಿಂದಾ ಹ್ಞೂಂ ಬೇಟಾ, ಸಾಮ್ನೆ ಬೈಠೀ ಹ್ಞೂಂ" (ಬದುಕಿದ್ದೀನಿ ಮಗಾ, ಎದುರಿಗೇ ಕುಳಿತಿದ್ದೀನಿ) ಅಂದಳು. ಹುಡುಗ ನಕ್ಕ. ಯಂತ್ರ ಒಪ್ಪಲಿಲ್ಲ. ಅವನ ಮೇಲಿನವರು ಬಂದು ಕನ್ನಡದಲ್ಲೇ ಹೇಳಿದರು: "ನಮಗೇನೋ ಕಾಣಿಸ್ತಾರೆ ಮೇಡಂ, ಸಿಸ್ಟಂ ತಗೋತಿಲ್ಲ."

ಆಟೋದಲ್ಲಿ ಹಿಂದಿರುಗುವಾಗ ಅವ್ವ ಕೇಳಿದ್ದು ಒಂದೇ ಮಾತು: "ನಾ ಸಹಿ ಮಾಡ್ತೀನಿ ಅಂದ್ರೂ ಯಾಕ ಹೆಬ್ಬೆಟ್ಟು ಕೇಳ್ತಾರ?"

ಆ ಪ್ರಶ್ನೆಯ ಹಿಂದೆ ಒಂದು ಜೀವಮಾನ ಇದೆ. ಅದನ್ನು ನಿಮಗೆ ಹೇಳದೆ ನನ್ನ ಬೇಡಿಕೆ ಅರ್ಥವಾಗದು.

ಅವ್ವ ಹುಟ್ಟಿದಾಗ ಕುಷ್ಟಗಿ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ಸರ್ಕಾರಿ ಕಾಗದವೆಲ್ಲ ಉರ್ದು. ನಮ್ಮಜ್ಜನಿಗೆ ಕೆಂಪು ಮಣ್ಣಿನ ಮಸಾರಿ ಹೊಲ, ಸ್ವಲ್ಪ ಕಪ್ಪು ಮಣ್ಣಿನ ಯರಿ ಹೊಲ. ಒಂದು ಬರಗಾಲದಲ್ಲಿ ಸಾಹುಕಾರನಿಂದ ಜೋಳದ ಲೆಕ್ಕದಲ್ಲಿ ಸಾಲ ತಂದ. ಓದಲು ಬಾರದ ಲಿಪಿಯ ಕಾಗದದ ಕೆಳಗೆ ಹೆಬ್ಬೆಟ್ಟು ಒತ್ತಿದ. ಯರಿ ಹೊಲ ಹೋಯಿತು. ಕಾಗದದಲ್ಲಿ ಏನು ಬರೆದಿತ್ತೆಂಬುದು ಅಜ್ಜನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಹೈದರಾಬಾದನ್ನು ಭಾರತಕ್ಕೆ ಸೇರಿಸಿದ 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ ಮುಗಿದು ಊರು ತಣ್ಣಗಾದ ಮೇಲೆ, ಕನ್ನಡ ಸಾಲಿ ಶುರುವಾಯಿತೆಂದು ಕೇಳಿ, ಗಂಡುಮಕ್ಕಳನ್ನು ಹೊಲಕ್ಕೆ ಕಳಿಸಿ ಹಿರಿಮಗಳನ್ನು ಸಾಲಿಗೆ ಕಳಿಸಿದ ಮನುಷ್ಯ ಆತ. ಊರು ನಕ್ಕಿತಂತೆ. ಗಂಡುಮಕ್ಕಳಿಗೆ ರಂಟೆ ಹೊಡೆಯುವ ತಾಕತ್ತಿದೆ, ಇವಳಿಗೆ ಅದಿಲ್ಲ, ಅದಕ್ಕೆ ಸಾಲಿ ಎಂದನಂತೆ. ಹೆಣ್ಣಿನ ಉದ್ಧಾರದ ಯೋಚನೆಯೇನೂ ಅವನಿಗೆ ಇರಲಿಲ್ಲ. ಮನೆಯಲ್ಲಿ ಕಾಗದ ಓದುವವರು ಒಬ್ಬರು ಬೇಕಿತ್ತು, ಅಷ್ಟೇ.

ಸಾಲಿಗೆ ಹೋದಳೆಂದು ಹೊಲ ಬಿಟ್ಟಿತೇ? ಮುಂಜಾನೆ ಸದೆ ತೆಗೆದು ಸಾಲಿಗೆ, ಸಂಜೆ ಬಂದು ಹತ್ತಿ ಬಿಡಿಸುವುದು. ಒಣಗಿದ ಹತ್ತಿಕಾಯಿಯ ಸಿಪ್ಪೆ ಸೂಜಿಯ ಹಾಗೆ ಚುಚ್ಚುತ್ತದೆ. ಸುಗ್ಗಿಯಲ್ಲಿ ಬೆರಳ ತುದಿ ಮಾಯುವುದೇ ಇಲ್ಲ. ಶೇಂಗಾ ಕೀಳುವಾಗ ಮಣ್ಣು ಉಗುರಿನೊಳಗೆ ಸೇರುತ್ತದೆ. ಏಳನೇ ಕ್ಲಾಸು ಮುಗಿಸಿ, ಶಿಕ್ಷಕರ ತರಬೇತಿ ಪಡೆದು, 1962ರಲ್ಲಿ ನೌಕರಿಗೆ ಸೇರಿದಳು. ಮೊದಲ ಸಾಲಿ ಹನುಮಪ್ಪನ ಗುಡಿಯ ಕಟ್ಟೆ. ಗೋಡೆಯೇ ಇಲ್ಲದ ಆ ಸಾಲಿಗೆ ಗಂಟೆ ಮಾತ್ರ ಇತ್ತು: ಮುರಿದ ರಂಟೆಯ ಕುಳ. ನಾಲ್ಕು ಕ್ಲಾಸಿಗೂ ಒಬ್ಬಳೇ ಅಕ್ಕೋರು. ಎರಡನೇ ಶಿಕ್ಷಕರು ಬಂದದ್ದು ಕೇಂದ್ರ ಸರ್ಕಾರದ 1987ರ ಕಪ್ಪುಹಲಗೆ ಯೋಜನೆಯ (ಆಪರೇಷನ್ ಬ್ಲ್ಯಾಕ್‌ಬೋರ್ಡ್) ನಂತರ. ಆ ಹೊತ್ತಿಗೆ ಅವ್ವನಿಗೆ 25 ವರ್ಷ ಸರ್ವೀಸು ತುಂಬಿತ್ತು.

ಅಕ್ಕೋರ ಕೆಲಸವೆಂದರೆ ಬರೀ ಪಾಠವಲ್ಲ ಎಂಬುದು ನಿಮ್ಮ ತಲೆಮಾರಿನ ಅಧಿಕಾರಿಗಳಿಗೂ ಗೊತ್ತಿರಬೇಕು. ಕೇರ್ ಸಂಸ್ಥೆಯ ಗೋಧಿ ನುಚ್ಚಿನ ಉಪ್ಪಿಟ್ಟು ಬೇಯಿಸಿ ಬಡಿಸುವುದು, ಹಾಲಿನ ಪುಡಿ ಕದಡುವುದು, ದೇವಿ (ಸಿಡುಬಿನ ಲಸಿಕೆ) ಹಾಕುವವರು ಬಂದಾಗ ಹೆದರಿ ಓಡುವ ಮಕ್ಕಳನ್ನು ಹಿಡಿದು ತರುವುದು. 1972ರ ಬರದಲ್ಲಿ ಮಕ್ಕಳೆಲ್ಲ ತಂದೆತಾಯಿಯ ಜೊತೆ ಬರಗಾಲದ ಕಾಮಗಾರಿಗೆ ಕಲ್ಲು ಒಡೆಯಲು ಹೋದರು. ಹಾಜರಿ ಪುಸ್ತಕ ಖಾಲಿ. ಅವ್ವ ಅದನ್ನು ಹಿಡಿದುಕೊಂಡು ಕಾಮಗಾರಿಯ ಜಾಗಕ್ಕೇ ಹೋಗಿ, ಮಧ್ಯಾಹ್ನ ರೊಟ್ಟಿ ಬಿಚ್ಚುವ ಹೊತ್ತಿನಲ್ಲಿ ಜಾಲಿ ಗಿಡದ ಕೆಳಗೆ ಮಗ್ಗಿ ಹೇಳಿಸಿದಳು. ತಪಾಸಣೆಗೆ ಬಂದ ಸಾಹೇಬರು ಮೊದಲು ಸಿಟ್ಟಾದರು, ಆಮೇಲೆ ಅಲ್ಲೇ ಕುಳಿತು ಒಂದು ರೊಟ್ಟಿ ತಿಂದು ಹೋದರು ಎಂದು ಊರಿನವರು ಇಂದಿಗೂ ಹೇಳುತ್ತಾರೆ.

ಜನಗಣತಿಯ ಕೆಲಸವೂ ಅವಳ ಪಾಲಿಗೆ ಬಂತು. 1971, 1981, 1991, ಮೂರೂ ಗಣತಿ. ಮನೆಯಿಲ್ಲದವರನ್ನು ರಾತ್ರಿ ಹೋಗಿ ಎಣಿಸಬೇಕೆಂಬ ನಿಯಮ ಗಣತಿಯಲ್ಲಿದೆ, ನಿಮಗೆ ಗೊತ್ತೇ ಇದೆ. ಹೊಲದಲ್ಲಿ ಕುರಿ ನಿಲ್ಲಿಸಿಕೊಂಡು ಮಲಗಿದ ಕುರಿಗಾಹಿಗಳನ್ನು ಕಂದೀಲು ಹಿಡಿದು ಎಬ್ಬಿಸಿ ಬರೆದುಕೊಂಡು ಬಂದವಳು ಆಕೆ. ಯಾರು ಬದುಕಿದ್ದಾರೆ, ಎಷ್ಟು ಜನ ಇದ್ದಾರೆ ಎಂದು ಸರ್ಕಾರಕ್ಕೆ ತಿಳಿಸುವಾಗ ಅವಳ ಮಾತು ಸಾಕಿತ್ತು. ಅವಳು ಬರೆದ ತಖ್ತೆಯ ಕೆಳಗೆ ಅವಳ ಸಹಿ ಸಾಕಿತ್ತು. ಪಗಾರ ಕೊಡುವಾಗಲೂ ಅಷ್ಟೇ. ರೆವಿನ್ಯೂ ಸ್ಟಾಂಪಿನ ಮೇಲೆ ಅಡ್ಡಲಾಗಿ ಹಾಕಿದ ಕನ್ನಡ ಸಹಿಗೆ ಸರ್ಕಾರ ವರ್ಷಾನುಗಟ್ಟಲೆ ಹಣ ಎಣಿಸಿ ಕೊಟ್ಟಿದೆ.

ಇನ್ನು ತಾಯಿಯಾಗಿ. ನಾವು ನಾಲ್ವರು. ಅಪ್ಪ 1978ರಲ್ಲಿ ತೀರಿಕೊಂಡಾಗ ಕೊನೆಯ ತಮ್ಮ ಇನ್ನೂ ಎದೆಹಾಲು ಕುಡಿಯುತ್ತಿದ್ದ. ಸಾಲಿಯ ತೊಲೆಗೆ ಹಳೇ ಸೀರೆಯ ಜೋಳಿಗೆ ಕಟ್ಟಿ ಅವನನ್ನು ಮಲಗಿಸುತ್ತಿದ್ದಳು, ಮೂರನೇ ಕ್ಲಾಸಿನ ಹುಡುಗಿಯರು ಪಾಳಿಯ ಮೇಲೆ ತೂಗುತ್ತಿದ್ದರು. ನೌಕರಿ ಇರುವವಳಿಗೆ ಹೊಲ ಯಾಕೆ, ಮಾರಿ ಬಿಡು ಎಂದರು ದಾಯಾದಿಗಳು. ಹೊಲ ಕಳೆದುಕೊಂಡ ಮನೆಯ ಮಗಳು ಮಾರುವುದುಂಟೇ? ಪಾಲಿಗೂ ಕೊಡಲಿಲ್ಲ. ಒಬ್ಬ ಆಳನ್ನಿಟ್ಟುಕೊಂಡು ತಾನೇ ಮಾಡಿದಳು. ಐತವಾರ, ಸೂಟಿ ಎಂದರೆ ನಮಗೆ ಹೊಲವೇ. ಬೇರೆ ಮಕ್ಕಳು ಬೇಸಿಗೆ ಸೂಟಿಗೆ ಅಜ್ಜಿಯ ಊರಿಗೆ ಹೋಗುವಾಗ ನಾವು ತಿಪ್ಪೆಯ ಗೊಬ್ಬರ ಹೇರುತ್ತಿದ್ದೆವು, ಆ ಸಿಟ್ಟು ನನಗೆ ಇನ್ನೂ ಪೂರ್ತಿ ಹೋಗಿಲ್ಲ. ಅಕ್ಕ ನರ್ಸಾದಳು, ಅಣ್ಣ ಬೇಸಾಯಕ್ಕೇ ನಿಂತ, ನಾನು ಪದವಿ ಮುಗಿಸಿದೆ, ತಮ್ಮ ಸೊಸೈಟಿಯಲ್ಲಿ ಗುಮಾಸ್ತ. ಯಾರೂ ದೊಡ್ಡವರಾಗಲಿಲ್ಲ, ಯಾರೂ ಸಾಲಗಾರರಾಗಲಿಲ್ಲ. ನಮ್ಮೆಲ್ಲರ ಮದುವೆ, ಬಾಣಂತನ, ಆಪರೇಷನ್ನುಗಳೂ ಅದೇ ಪಗಾರ ಮತ್ತು ಅದೇ ಹೊಲದಿಂದ ನಡೆದವು. ನಿವೃತ್ತಿಯ ದಿನ 1999ರ ಮೇ 31. ಜೂನ್ 1ರಂದು ಹುಟ್ಟಿದವರೆಲ್ಲ ಹಿಂದಿನ ತಿಂಗಳ ಕೊನೆಗೇ ಮನೆಗೆ ಹೋಗಬೇಕು; ಆ ಕಾಲದ ನಮ್ಮ ಕಡೆಯ ಮಕ್ಕಳಲ್ಲಿ ಜೂನ್ 1ಕ್ಕೆ ಹುಟ್ಟದವರೇ ಅಪರೂಪ ಎಂಬುದು ಸೇವಾ ಪುಸ್ತಕ ನೋಡಿದವರಿಗೆಲ್ಲ ಗೊತ್ತು.

ಒಂದು ಕೆಲಸವನ್ನು ಮಾತ್ರ ನಾನು ಬಿಡುವಂತಿಲ್ಲ. ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದಲ್ಲಿ, ಆಗಿನ್ನೂ ನಾವು ರಾಯಚೂರು ಜಿಲ್ಲೆ, ಅವ್ವ ರಾತ್ರಿ ಸಾಲಿ ನಡೆಸಿದಳು. ಬರುತ್ತಿದ್ದವರು ಹೆಚ್ಚಾಗಿ ಕೂಲಿಯ ಹೆಣ್ಣುಮಕ್ಕಳು. ದಿನವಿಡೀ ಕಳೆ ತೆಗೆದ ಕೈಗೆ ಬಳಪ ಹಿಡಿಯಲು ಬಾರದು. ವರ್ಣಮಾಲೆ ಆಮೇಲೆ ನೋಡೋಣ, ಮೊದಲು ನಿಮ್ಮ ಹೆಸರು ಬರೆಯುವುದು ಕಲಿಯಿರಿ ಎನ್ನುತ್ತಿದ್ದಳು. ಸೊಸೈಟಿಯ ಸಾಲದ ಪುಸ್ತಕದಲ್ಲಿ, ಪಂಚಾಯ್ತಿಯ ಹಾಜರಿಯಲ್ಲಿ ಹೆಬ್ಬೆಟ್ಟಿನ ಮಸಿ ಡಬ್ಬಿ ಮುಟ್ಟದೆ ಪೆನ್ನು ಕೇಳಿ ಪಡೆಯಬೇಕು ಎಂಬುದೊಂದೇ ಅವಳ ಹಟ. ಪೆನ್ನು ಕೇಳಿದ ಮೊದಲ ಹೆಂಗಸಿಗೆ ಸೊಸೈಟಿಯ ಗುಮಾಸ್ತರು ನಂಬದೆ ಎರಡು ಸಲ ಸಹಿ ಹಾಕಿಸಿದರಂತೆ. 2011ರ ಜನಗಣತಿಯಲ್ಲೂ ನಮ್ಮ ಜಿಲ್ಲೆಯ ಹೆಂಗಸರಲ್ಲಿ ಓದುಬರಹ ಬಲ್ಲವರು ನೂರಕ್ಕೆ 60 ತಲುಪಿರಲಿಲ್ಲ. ಅಂಥ ನಾಡಿನಲ್ಲಿ ಒಂದು ಊರಿನ ಹೆಣ್ಣುಮಕ್ಕಳು ಸಹಿ ಹಾಕುವವರಾದರು.

ಈಗ ಅವರಿಗೆ ಸಹಿ ಕಲಿಸಿದ ಅದೇ ಹೆಣ್ಣುಮಗಳ ಸಹಿಯನ್ನು ಬದಿಗೆ ಸರಿಸಿ ಹೆಬ್ಬೆಟ್ಟು ಒತ್ತು ಎನ್ನಲಾಗುತ್ತಿದೆ. ಒತ್ತಿದರೆ ಅದು ಅಳಿಸಿ ಹೋಗಿದೆ. ವಯಸ್ಸಾದಂತೆ ಚರ್ಮ ಒಣಗಿ ಬೆರಳ ಗೆರೆಗಳು ತಗ್ಗುತ್ತವೆ. ಮಣ್ಣಿನಲ್ಲಿ, ಸುಣ್ಣದಲ್ಲಿ, ಬೂದಿಯಲ್ಲಿ ದುಡಿದ ಕೈಯಲ್ಲಿ ಇನ್ನೂ ಬೇಗ ಸವೆಯುತ್ತವೆ. ಬೆಂಗಳೂರಿನಲ್ಲಿ ನಿವೃತ್ತರಾದ ಗುಮಾಸ್ತರೊಬ್ಬರ ಬೆರಳು ಹೊಂದುತ್ತದೆ, ಯಲಬುರ್ಗಾದ ರೈತನದು ಹೊಂದುವುದಿಲ್ಲ. ಹೆಚ್ಚು ದುಡಿದವರೇ ಹೆಚ್ಚು ಅನುಮಾನಕ್ಕೆ ಗುರಿಯಾಗುವ ಈ ಏರ್ಪಾಡನ್ನು ಯಾರೂ ಬೇಕೆಂದು ಮಾಡಿದ್ದಲ್ಲ, ಒಪ್ಪುತ್ತೇನೆ. ಆದರೆ ಪ್ರತಿ ನವೆಂಬರಿನಲ್ಲೂ ಅದು ನಡೆಯುತ್ತಿದೆ.

ಪರಿಶೀಲನೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ತೀರಿಹೋದವರ ಹೆಸರಿನಲ್ಲಿ ಹಣ ಎತ್ತುವವರು ಇರುತ್ತಾರೆ, ಜನರ ತೆರಿಗೆ ಹಣ ಕಾಯುವುದು ನಿಮ್ಮ ಧರ್ಮ. ಪ್ರಶ್ನೆ ಇಷ್ಟೇ: ಯಂತ್ರ ಸೋತರೆ ಅದರ ಭಾರ ಯಾರ ಮೇಲೆ ಬೀಳಬೇಕು? ಆಧಾರ್‌ನಲ್ಲಿರುವ ಬೆರಳಚ್ಚಿನ ಜೊತೆ ತಾಳೆ ನೋಡುವ ಡಿಜಿಟಲ್ ಜೀವನ ಪ್ರಮಾಣ 2014ರ ನವೆಂಬರಿನಲ್ಲಿ ಶುರುವಾದದ್ದು ವೃದ್ಧರ ಓಡಾಟ ತಪ್ಪಿಸಲು. 70 ವರ್ಷ ದಾಟಿದವರ ಮನೆ ಬಾಗಿಲಿಗೇ ಹೋಗಿ ಜೀವಂತ ಪ್ರಮಾಣಪತ್ರ ಪಡೆಯುವ ವ್ಯವಸ್ಥೆ ಮಾಡಿ ಎಂದು ರಿಸರ್ವ್ ಬ್ಯಾಂಕ್ 2017ರ ನವೆಂಬರಿನಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಹೊರಡಿಸಿದೆ. ನಮ್ಮ ಶಾಖೆಯಲ್ಲಿ ಅದರ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಅಂಚೆಯವರು 2020ರಿಂದ 70 ರೂಪಾಯಿ ಪಡೆದು ಮನೆಗೇ ಬರುತ್ತಾರೆ. ನಮ್ಮೂರಿನ ಪೋಸ್ಟ್‌ಮ್ಯಾನ್ ಬಂದರು ಕೂಡ, ಪಾಪ, ಬಿಸಿಲಲ್ಲಿ. ಅವರ ಕೈಯಲ್ಲಿದ್ದದ್ದೂ ಬೆರಳಿನ ಯಂತ್ರವೇ. 2021ರಿಂದ ಮುಖ ತೋರಿಸಿ ಪ್ರಮಾಣಪತ್ರ ಪಡೆಯುವ ದಾರಿಯೂ ಇದೆ ಎಂಬುದು ನಮಗೆ ಗೊತ್ತಾದದ್ದು ಪಕ್ಕದ ಮನೆಯ ಕಾಲೇಜು ಹುಡುಗನಿಂದ, ಅದೂ ಎಲ್ಲ ಮುಗಿದ ಮೇಲೆ.

ಕೊನೆಗೆ ಕೆಲಸ ಆದದ್ದು ಹೇಗೆ ಗೊತ್ತೇ? ಶಾಖೆಗೆ ಹೊಸದಾಗಿ ಬಂದ ಅಧಿಕಾರಿಯೊಬ್ಬರು ಕಪಾಟಿನಿಂದ ಒಂದು ಹಾಳೆ ಫಾರ್ಮ್ ತೆಗೆದರು. ಅವ್ವ ಅವರೆದುರು ಸಹಿ ಮಾಡಿದಳು, ಅವರು ಕೆಳಗೆ ಸಹಿ ಮಾಡಿ ಮೊಹರು ಹಾಕಿದರು. ಹತ್ತು ನಿಮಿಷವೂ ಹಿಡಿಯಲಿಲ್ಲ. ಆ ಫಾರ್ಮ್ ನವೆಂಬರಿನಲ್ಲೂ ಅದೇ ಕಪಾಟಿನಲ್ಲೇ ಇತ್ತು.

ನಡುವಿನ ತಿಂಗಳುಗಳಲ್ಲಿ ಅವ್ವ ಹಸಿದು ಕೂರಲಿಲ್ಲ, ನಾವಿದ್ದೆವು. ಆದರೆ ಬಿ.ಪಿ. ಮಾತ್ರೆಗೆ ಮಗನ ಹತ್ತಿರ ದುಡ್ಡು ಕೇಳುವ ಸ್ಥಿತಿ 1962ರಿಂದ ಈಚೆಗೆ ಅವಳಿಗೆ ಮೊದಲ ಸಲ ಬಂತು. ಮಾತ್ರೆ ಅರ್ಧ ಮುರಿದು ನುಂಗುತ್ತಿದ್ದಳೆಂದು ನನ್ನ ನಾದಿನಿ ಆಮೇಲೆ ಹೇಳಿದಳು.

ಕಾನೂನಿನ ಮಾತಿಗೆ ಬರುತ್ತೇನೆ. ಪಿಂಚಣಿ ಸರ್ಕಾರದ ದಯೆಯಲ್ಲ, ಹಿಂದೆ ಮಾಡಿದ ಸೇವೆಗೆ ಸಲ್ಲುವ ಹಕ್ಕು ಎಂದು ಸುಪ್ರೀಂ ಕೋರ್ಟ್ ನಕಾರಾ ಪ್ರಕರಣದಲ್ಲಿ 1982ರ ಡಿಸೆಂಬರ್ 17ರಂದೇ ಹೇಳಿದೆ. ಆ ದಿನವನ್ನು ಪಿಂಚಣಿದಾರರ ದಿನವೆಂದು ನಿಮ್ಮ ನಿವೃತ್ತ ನೌಕರರು ಈಗಲೂ ಆಚರಿಸುತ್ತಾರೆ. ಆಧಾರ್ ಪ್ರಕರಣದ 2018ರ ಸೆಪ್ಟೆಂಬರ್ 26ರ ಬಹುಮತದ ತೀರ್ಪು ಇನ್ನೂ ಸ್ಪಷ್ಟವಾಗಿದೆ: ಸರ್ಕಾರಿ ನೌಕರರ ಪಿಂಚಣಿಯಂತೆ ದುಡಿದು ಗಳಿಸಿದ ಸೌಲಭ್ಯ, ಸರ್ಕಾರಿ ನೆರವಿಗೆ ಆಧಾರ್ ಕೇಳಲು ಅವಕಾಶ ಕೊಡುವ ಆಧಾರ್ ಕಾಯ್ದೆಯ 7ನೇ ಕಲಮಿನ ಅಡಿಯಲ್ಲಿ ಬರುವುದಿಲ್ಲ, ಅದು ಆ ವ್ಯಕ್ತಿಯ ಹಕ್ಕು. ಜೀವನ ಪ್ರಮಾಣಕ್ಕೆ ಆಧಾರ್ ಕಡ್ಡಾಯವಲ್ಲ, ಐಚ್ಛಿಕ ಎಂದು ಕೇಂದ್ರ ಸರ್ಕಾರವೂ 2021ರಲ್ಲಿ ಅಧಿಸೂಚನೆ ಹೊರಡಿಸಿತು. ಇಷ್ಟೆಲ್ಲ ಇದ್ದೂ ತಾಲ್ಲೂಕಿನ ಕೌಂಟರಿನಲ್ಲಿ ಬೆರಳೇ ಕಾನೂನು.

ಆದ್ದರಿಂದ ನನ್ನ ವಿನಂತಿಗಳು. ಬೆರಳಚ್ಚು ಹೊಂದಲಿಲ್ಲ ಎಂಬ ಒಂದೇ ಕಾರಣಕ್ಕೆ ಯಾವ ಪಿಂಚಣಿದಾರರನ್ನೂ ಹಿಂದಕ್ಕೆ ಕಳಿಸಬಾರದು, ಅದೇ ದಿನ, ಅದೇ ಕೌಂಟರಿನಲ್ಲಿ, ಅಧಿಕಾರಿಯ ಎದುರು ಮಾಡಿದ ಸಹಿಯ ಫಾರ್ಮ್ ಪಡೆದು ಸ್ವೀಕೃತಿ ಕೊಡಬೇಕು ಎಂದು ನಿಮ್ಮ ಇಲಾಖೆ ಆದೇಶ ಮಾಡಲಿ. ಆ ಆದೇಶ ಕನ್ನಡದಲ್ಲಿರಲಿ. ಶಾಖೆಯ ಗೋಡೆಯ ಮೇಲೆ, ಗ್ರಾಮ ಪಂಚಾಯ್ತಿಯ ಫಲಕದ ಮೇಲೆ ಅಂಟಿಸಿರಲಿ. 80 ದಾಟಿದವರ ಪಿಂಚಣಿಯನ್ನು, ಯಾರಾದರೂ ಒಬ್ಬರು ಮನೆಗೆ ಹೋಗಿ ನೋಡಿ ವರದಿ ಕೊಡುವವರೆಗೆ ನಿಲ್ಲಿಸಬಾರದು. ಗ್ರಾಮ ಆಡಳಿತ ಅಧಿಕಾರಿ ಆಗಬಹುದು, ಪೋಸ್ಟ್‌ಮ್ಯಾನ್ ಆಗಬಹುದು. ಇದು ಹೊಸ ಖರ್ಚಿನ ಬಾಬತ್ತಲ್ಲ, ಇವರೆಲ್ಲ ದಿನವೂ ಆ ಓಣಿಯಲ್ಲೇ ಓಡಾಡುವವರು. ಅದಕ್ಕೂ ಮುಂಚೆ ನೀವೇ ಮಾಡಬಹುದಾದ ಒಂದು ಕೆಲಸವಿದೆ. 1969ರ ಕಾಯ್ದೆಯ ಪ್ರಕಾರ ಯಾರು ಸತ್ತರೂ 21 ದಿನದೊಳಗೆ ಆ ಸಾವನ್ನು ತಿಳಿಸಬೇಕು, ಆ ದಾಖಲೆ ಇಂದು ಸರ್ಕಾರದ ಕಂಪ್ಯೂಟರಿನಲ್ಲೇ ಇರುತ್ತದೆ. ಸತ್ತವರ ಪಟ್ಟಿಯನ್ನು ಖಜಾನೆಯ ಪಟ್ಟಿಯ ಜೊತೆ ನೀವು ತಾಳೆ ಹಾಕಿ ನೋಡಿ. ಬದುಕಿದವರನ್ನೆಲ್ಲ ವರ್ಷಕ್ಕೊಮ್ಮೆ ಆಟೋ ಹತ್ತಿಸುವುದು ಆಮೇಲಿನ ಮಾತು.

ಇನ್ನೊಂದು, ನಿಮ್ಮ ಇಲಾಖೆಯದ್ದಲ್ಲದಿದ್ದರೂ ಹೇಳಿಬಿಡುತ್ತೇನೆ. ಆ ದಿನ ನಮ್ಮ ಹಿಂದೆ ಕುಳಿತಿದ್ದವರಲ್ಲಿ ಬಹಳಷ್ಟು ಜನ ಸಂಧ್ಯಾ ಸುರಕ್ಷಾದವರು, ಅಂದರೆ ಬಡ ವೃದ್ಧರಿಗೆ ಸರ್ಕಾರ ಕೊಡುವ ಮಾಸಾಶನ ಪಡೆಯುವವರು. ಕೂಲಿ ಮಾಡಿ ಮಾಡಿ ಅವ್ವನಿಗಿಂತ ಹೆಚ್ಚು ಸವೆದ ಬೆರಳು ಅವರವು. ಅವರಿಗೆ ಸರ್ವೀಸು ಪುಸ್ತಕವಿಲ್ಲ, ನಕಾರಾ ತೀರ್ಪೂ ಇಲ್ಲ. ನ್ಯಾಯಬೆಲೆ ಅಂಗಡಿಯಲ್ಲೂ ಅವರಿಗೆ ಇದೇ ಕೆಂಪು ದೀಪ. ಅವರ ದುಡ್ಡೂ ಹೊರಡುವುದು ನಿಮ್ಮ ಮೇಜಿನಿಂದಲೇ ಆದ್ದರಿಂದ, ಆದೇಶ ಬರೆಯುವಾಗ ಅವರಿಗೂ ಒಂದು ಸಾಲು ಸೇರಿಸಿ.

ಈ ಪತ್ರಕ್ಕೆ ಉತ್ತರ ಬರುತ್ತದೆಂದು ನಂಬಿದ್ದೇನೆ. ಅದು ಕನ್ನಡದಲ್ಲಿರಲಿ, ಕೆಳಗೆ ಅಧಿಕಾರಿಗಳ ಹೆಸರು ಮತ್ತು ಸಹಿ ಇರಲಿ. ಅವ್ವನೇ ಓದುತ್ತಾಳೆ. ಕಾಗುಣಿತ ತಪ್ಪಿದ್ದರೆ ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸ್ ಕಳಿಸುವ ರೂಢಿ ಅವಳಿಗೆ ಇನ್ನೂ ಇದೆ, ಅದಕ್ಕೆ ಬೇಸರ ಮಾಡಿಕೊಳ್ಳಬಾರದಾಗಿ ವಿನಂತಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿಯೊಬ್ಬರ ಮಗಳು,
ಕುಷ್ಟಗಿ ತಾಲ್ಲೂಕು, ಕೊಪ್ಪಳ ಜಿಲ್ಲೆ.